ಬಿಳಿ ರಕ್ತಕಣ ಹೆಚ್ಚಾದರೆ ರಕ್ತನಾಳ ಸೋರುತ್ತದೆಯೇ?

ಪ್ರಶ್ನೆ: ನಮ್ಮದು ಹಾಸನದ ಹತ್ತಿರ ಒಂದು ಹಳ್ಳಿ, ಶುಂಠಿ ಬೇಸಾಯ. ಅಮ್ಮನಿಗೆ 61 ವರ್ಷ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಈ ಮಳೆಗಾಲದಲ್ಲಿ ಹಿಮ್ಮಡಿ ಒಡಕಿನಿಂದ ಶುರುವಾಗಿ ಎಡಗಾಲು ಮೊಣಕಾಲಿನ ತನಕ ಕೆಂಪಗೆ ಊದಿಕೊಂಡಿತು. ಮೂರನೇ ದಿನ ಚಳಿಜ್ವರ ಬಂದು ಮಾತು ತಡವರಿಸತೊಡಗಿತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಿಪಿ ಬಿದ್ದಿತ್ತು. ಆರು ದಿನ ಐಸಿಯುನಲ್ಲಿದ್ದರು. ಬಿಳಿ ರಕ್ತಕಣ 23,400, ಅಲ್ಬುಮಿನ್ 2.1 ಇತ್ತು. ಎರಡನೇ ದಿನಕ್ಕೆ ಮುಖ, ಕೈ ಎಲ್ಲ ಊದಿ ಬಳೆ ಬಿಚ್ಚಲಾಗದೆ ನರ್ಸ್ ಒಡೆದು ತೆಗೆದರು. ತೂಕ ಏಳು ಕಿಲೋ ಏರಿತ್ತು. ಕೇಳಿದರೆ ಡಾಕ್ಟರು, ‘ಬಿಳಿ ರಕ್ತಕಣಗಳ ಹೋರಾಟದಲ್ಲಿ ರಕ್ತನಾಳ ಸೋರುತ್ತಿದೆ’ ಎಂದರು. ನಮ್ಮನ್ನು ಕಾಯಬೇಕಾದ ಕಣಗಳೇ ನಾಳಕ್ಕೆ ತೂತು ಹಾಕುತ್ತವೆಯೇ? ಅಷ್ಟೊಂದು ಸಲೈನ್ ಹಾಕಿದ್ದರಿಂದಲೇ ಊದಿದ್ದು ಎನ್ನುತ್ತಾರೆ ನಮ್ಮ ಭಾವ. ಸ್ಟೀರಾಯ್ಡ್ ಕೊಟ್ಟು ಬಿಳಿ ಕಣ ಇಳಿಸಬೇಕಿತ್ತು ಎಂದು ಮೆಡಿಕಲ್ ಶಾಪಿನವರು ಹೇಳಿದರು. ಈಗ ಅಮ್ಮ ಮನೆಯಲ್ಲಿದ್ದಾರೆ, ಐದು ವಾರವಾಯಿತು, ಎಡಗಾಲಿನ ಊತ ಪೂರ್ತಿ ಇಳಿದಿಲ್ಲ. ಅಜ್ಜಿ ನಂಜಾಗುತ್ತದೆ ಎಂದು ಬದನೆಕಾಯಿ, ಮೊಟ್ಟೆ, ಬೇಳೆ ಎಲ್ಲ ನಿಲ್ಲಿಸಿದ್ದಾರೆ. ಬಳೆ ಯಾವಾಗ ತೊಡಬಹುದು ಎಂದು ಅಮ್ಮ ದಿನಾ ಕೇಳುತ್ತಾರೆ.

ಉತ್ತರ: ಬಳೆಯ ವಿಷಯ ಕೊನೆಗೆ ಹೇಳುತ್ತೇನೆ, ಮರೆಯುವುದಿಲ್ಲ. ಐಸಿಯುನಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ನನಗೆ ತಿಳಿದ ಒಂದು ಸಂಗತಿ ಎಂದರೆ, ಮನೆಯವರು ಮಾನಿಟರಿನ ಅಂಕಿಗಿಂತ ಒಡೆದ ಬಳೆ ಚೂರು ಕಂಡು ಹೆಚ್ಚು ಹೆದರುತ್ತಾರೆ. ಅದನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಡುವಾಗ ನಮಗೂ ಮಾತು ಬರುವುದಿಲ್ಲ. ಊದುತ್ತಿರುವ ಕೈಯಲ್ಲಿ ಬಳೆ ಬಿಟ್ಟರೆ ಅದೇ ಬಿಗಿಪಟ್ಟಿಯಾಗಿ ಕೈಗೆ ರಕ್ತ ಹೋಗುವುದನ್ನು ತಡೆಯುತ್ತದೆ. ನರ್ಸ್ ಮಾಡಿದ್ದು ಸರಿ.

ನಿಮ್ಮ ಮನಸ್ಸಿನಲ್ಲಿರುವ ಕೊರಗು ಇದು ಎಂದುಕೊಳ್ಳುತ್ತೇನೆ: ಅಮ್ಮನ ದೇಹ ಊದಿದ್ದು ಯಾರದೋ ತಪ್ಪಿನಿಂದ. ಅದು ಸಲೈನಿನದೋ, ಡಾಕ್ಟರದೋ, ಇಲ್ಲವೇ ಬಿಳಿ ಕಣದ್ದೋ ಆಗಿರಬೇಕು. ಆ 23,400 ಎಂಬ ಅಂಕಿ ಕಡಿಮೆಯಿದ್ದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎಂಬ ಲೆಕ್ಕವೂ ಇದರೊಳಗಿದೆ. ಆ ಲೆಕ್ಕ ತಪ್ಪು. ನಿಮ್ಮ ಡಾಕ್ಟರು ಹೇಳಿದ ಮಾತು ಮಾತ್ರ ಬಹುಮಟ್ಟಿಗೆ ನಿಜ.

ಮೊದಲು ಸೋರುವುದು ಎಲ್ಲಿ ಎಂಬುದನ್ನು ನೋಡೋಣ. ದೊಡ್ಡ ರಕ್ತನಾಳಗಳು ಸೋರುವುದಿಲ್ಲ. ಕೂದಲಿಗಿಂತ ಸಪೂರವಾದ ಲೋಮನಾಳಗಳನ್ನು ದಾಟಿ ರಕ್ತ ಹಿಂದಿರುಗುವ ದಾರಿಯಲ್ಲಿ ಪುಟ್ಟ ಪುಟ್ಟ ಅಭಿಧಮನಿಗಳಿರುತ್ತವೆ. ಸೋರುವ ಜಾಗ ಮುಖ್ಯವಾಗಿ ಅದು. ಅಲ್ಲಿನ ಒಳಗೋಡೆ ಎಂದರೆ ಒಂದೇ ಒಂದು ಸಾಲು ಜೀವಕೋಶ, ಹೆಂಚು ಜೋಡಿಸಿದ ಹಾಗೆ. ಹೆಂಚು ಹೆಂಚಿನ ನಡುವೆ ಪ್ರೋಟೀನಿನ ಹೊಲಿಗೆ ಇರುತ್ತದೆ. ಆ ಹೊಲಿಗೆ ಸಡಿಲವಾದರೆ ರಕ್ತದ ನೀರು, ಅದರ ಜೊತೆ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನು, ಹೊರಗಿನ ಮಾಂಸಕ್ಕೆ ಇಳಿಯುತ್ತದೆ. ಕೆಂಪು ಕಣಗಳು ಬಹುಪಾಲು ಒಳಗೇ ಉಳಿಯುತ್ತವೆ. ನಾವು ಊತ ಎನ್ನುವುದು ಹೀಗೆ ಇಳಿದ ನೀರನ್ನು.

ಬಿಳಿ ಕಣಗಳು ಈ ಗೋಡೆ ದಾಟುವುದನ್ನು ಕಣ್ಣಾರೆ ಕಂಡು ಬರೆದಿಟ್ಟವರಲ್ಲಿ ಪ್ರಸಿದ್ಧರು ಜರ್ಮನಿಯ ಯೂಲಿಯಸ್ ಕೋನ್‌ಹೈಮ್. 1867ರಲ್ಲಿ ಅವರು ಕಪ್ಪೆಯೊಂದರ ಕರುಳಿನ ತೆಳುಪರದೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ಗಂಟೆಗಟ್ಟಲೆ ನೋಡುತ್ತ ಕೂತರು. ಗಾಳಿಗೆ ತೆರೆದುಕೊಂಡ ಆ ಪರದೆಯಲ್ಲಿ ಉರಿಯೂತ ಶುರುವಾಯಿತು. ನಡುನಾಳದಲ್ಲಿ ಹರಿಯುತ್ತಿದ್ದ ಬಿಳಿ ಕಣಗಳು ಅಂಚಿಗೆ ಸರಿದು ಗೋಡೆಯ ಉದ್ದಕ್ಕೂ ಸಾಲಾಗಿ ಅಂಟಿಕೊಂಡವು. ಆಮೇಲೆ ಗೋಡೆಯ ಹೊರಮೈಯಲ್ಲಿ ಸಣ್ಣ ಮೊಗ್ಗಿನಂಥದ್ದು ಕಾಣಿಸಿಕೊಂಡಿತು. ಮೊಗ್ಗು ದೊಡ್ಡದಾಗುತ್ತ ಒಳಗಿದ್ದ ಕಣ ಸಣ್ಣದಾಯಿತು, ಕೊನೆಗೆ ಇಡೀ ಕಣ ಹೊರಗೆ ಬಂತು. ಕೀವು ಎಂದರೆ ರಕ್ತದಿಂದ ಹೊರಬಂದ ಬಿಳಿ ಕಣಗಳೇ ಎಂಬುದು ಆ ಕಪ್ಪೆಯಿಂದ ಗಟ್ಟಿಯಾಯಿತು.

ಇಲ್ಲಿಂದಲೇ ನಿಮ್ಮ ಪ್ರಶ್ನೆ ಹುಟ್ಟುವುದು: ಕಣ ತೂರಿಕೊಂಡು ಹೋದ ಕಂಡಿಯಲ್ಲೇ ನೀರೂ ಸೋರುತ್ತದೆಯಲ್ಲವೇ? ಕೇಳುವುದಕ್ಕೆ ಸಹಜವಾಗಿದೆ, ನಾನೂ ಓದುವ ಕಾಲದಲ್ಲಿ ಹಾಗೇ ತಿಳಿದಿದ್ದೆ. ಆದರೆ ಹಾಗಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ಕಣ ದಾಟುವಾಗ ಗೋಡೆಯ ಕೋಶಗಳು ಅದರ ಸುತ್ತ ಬಿಗಿಯಾದ ಉಂಗುರ ಕಟ್ಟುತ್ತವೆ, ಅಂಗಿಯ ಕುತ್ತಿಗೆಗೆ ಇಲಾಸ್ಟಿಕ್ ಹಾಕಿದ ಹಾಗೆ. ತಲೆ ಹೋಗುತ್ತದೆ, ಪಕ್ಕದಲ್ಲಿ ಗಾಳಿಯಾಡುವುದಿಲ್ಲ. ಹಿಂದೆಯೇ ಕಂಡಿ ಮುಚ್ಚಿಕೊಳ್ಳುತ್ತದೆ. ಆ ಉಂಗುರ ಕಟ್ಟದಂತೆ ಮಾಡಿದರೆ ಮಾತ್ರ ಅಲ್ಲಿ ಸೋರುವುದನ್ನು ನೆದರ್ಲೆಂಡ್ಸಿನ ಸಂಶೋಧಕರು 2016ರಲ್ಲಿ ತೋರಿಸಿದರು. ಅದಕ್ಕೆ ಎರಡು ವರ್ಷ ಮೊದಲು ಜರ್ಮನಿಯ ಮ್ಯೂನ್‌ಸ್ಟರಿನಲ್ಲಿ ಇಲಿಗಳ ಮೇಲೆ ನಡೆದ ಕೆಲಸ ಇನ್ನೂ ಚೊಕ್ಕ. ಆ ಹೊಲಿಗೆ ಪ್ರೋಟೀನಿನ ಒಂದು ಗುಂಡಿಯನ್ನು ಕೆಡಿಸಿದರೆ ನೀರು ಸೋರುವುದು ಕಡಿಮೆಯಾಯಿತು, ಕಣಗಳು ಮಾಮೂಲಿನಂತೆ ದಾಟಿದವು. ಇನ್ನೊಂದು ಗುಂಡಿಯನ್ನು ಕೆಡಿಸಿದರೆ ಕಣಗಳು ದಾಟುವುದು ಕಡಿಮೆಯಾಯಿತು, ನೀರು ಮಾಮೂಲಿನಂತೆ ಸೋರಿತು. ಬಾಗಿಲು ಒಂದೇ, ಚಿಲಕ ಬೇರೆ ಬೇರೆ.

ಹಾಗಾದರೆ ಬಿಳಿ ಕಣಕ್ಕೂ ಸೋರುವುದಕ್ಕೂ ಸಂಬಂಧವೇ ಇಲ್ಲವೇ? ಇದೆ, ಚೆನ್ನಾಗಿಯೇ ಇದೆ. ಅದು ತೂತು ಹಾಕುವ ಸಂಬಂಧವಲ್ಲ, ಸುದ್ದಿ ಮುಟ್ಟಿಸುವ ಸಂಬಂಧ.

ಮೊದಲ ಸುದ್ದಿ ಬರುವುದು ರಕ್ತದಲ್ಲಿ ತಿರುಗುವ ಕಣಗಳಿಂದಲ್ಲ, ಚರ್ಮದಡಿ ಬೀಡುಬಿಟ್ಟಿರುವ ಅವುಗಳ ನೆಂಟರಿಂದ. ಮಾಸ್ಟ್ ಕೋಶಗಳೆಂಬ ಇವು ಹಿಸ್ಟಮೈನ್ ಎಂಬ ರಾಸಾಯನಿಕ ಚೆಲ್ಲುತ್ತವೆ. ಹಿಸ್ಟಮೈನ್ ತಗುಲಿದರೆ ಗೋಡೆಯ ಕೋಶಗಳು ಒಂದಕ್ಕೊಂದು ದೂರ ಸರಿದು ಸಂದು ಬಿಡುವುದನ್ನು ಮಾಯ್ನೋ ಮತ್ತು ಪಲಾಡೆ ಎಂಬ ವಿಜ್ಞಾನಿಗಳು 1961ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಕಡಜ ಕಚ್ಚಿದ ಜಾಗ ನಿಮಿಷದಲ್ಲಿ ದಪ್ಪಗಾಗುವುದು ಹೀಗೆ. ಅಷ್ಟು ಹೊತ್ತಿಗೆ ನ್ಯೂಟ್ರೋಫಿಲ್‌ಗಳು ಇನ್ನೂ ಗಂಟುಮೂಟೆ ಕಟ್ಟುತ್ತಿರುತ್ತವೆ.

ಎರಡನೆಯದು ನ್ಯೂಟ್ರೋಫಿಲ್‌ಗಳದೇ. 1981ರಲ್ಲಿ ವೆಡ್ಮೋರ್ ಮತ್ತು ವಿಲಿಯಮ್ಸ್ ಎಂಬ ಸಂಶೋಧಕರು ಮೊಲಗಳ ಚರ್ಮದ ಮೇಲೆ ಪ್ರಯೋಗ ಮಾಡಿದರು. ಬಿಳಿ ಕಣಗಳನ್ನು ಕರೆಯುವ ರಾಸಾಯನಿಕಗಳನ್ನು ಚುಚ್ಚಿದಾಗ ಆ ಜಾಗ ಊದುತ್ತಿತ್ತು. ಅದೇ ಮೊಲದ ರಕ್ತದಿಂದ ನ್ಯೂಟ್ರೋಫಿಲ್‌ಗಳನ್ನು ಮೊದಲೇ ಇಲ್ಲವಾಗಿಸಿದ್ದರೆ ಊದುತ್ತಿರಲಿಲ್ಲ. ಹಿಸ್ಟಮೈನ್ ಚುಚ್ಚಿದರೆ ಆಗಲೂ ಊದುತ್ತಿತ್ತು. ಅಂದರೆ ಸೋರುವುದಕ್ಕೆ ಎರಡು ದಾರಿ, ಒಂದಕ್ಕೆ ನ್ಯೂಟ್ರೋಫಿಲ್ ಬೇಕೇ ಬೇಕು. ಅದು ಗೋಡೆಗೆ ಅಂಟಿದ ಗಳಿಗೆಯಲ್ಲಿ ತನ್ನೊಳಗಿನ ಪುಡಿಕೆಗಳಿಂದ ಒಂದು ಪ್ರೋಟೀನನ್ನು ಬಿಡುತ್ತದೆ, ಗೋಡೆಯ ಕೋಶಗಳು ಕುಗ್ಗಿ ಸಂದು ಬಿಡುತ್ತವೆ ಎಂಬುದನ್ನು ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯವರು 2001ರಲ್ಲಿ ಗುರುತಿಸಿದರು. ಗಮನಿಸಿ, ಅಂಟಿದಾಗ ಬಿಡುತ್ತದೆ, ದಾಟುವುದಕ್ಕೆ ಮೊದಲೇ.

ಮೂರನೆಯದು ಹಾನಿ. ಸೋಂಕು ವಿಪರೀತವಾದಾಗ ಇವೇ ಕಣಗಳು ಬ್ಯಾಕ್ಟೀರಿಯಾಕ್ಕೆಂದು ಎರಚಿದ ಕಿಣ್ವ, ಆಮ್ಲಜನಕದ ತೀಕ್ಷ್ಣ ರೂಪಗಳು, ತಮ್ಮದೇ ಡಿಎನ್‌ಎಯ ಬಲೆ, ಎಲ್ಲವೂ ಗೋಡೆಗೂ ತಗಲುತ್ತವೆ. ಗೋಡೆಯ ಒಳಮೈಗೆ ಲೋಳೆಯಂಥ ತೆಳು ಲೇಪವೊಂದಿದೆ. ಅದು ಕಿತ್ತುಹೋದರೆ ಸೋರುವಿಕೆ ಬೇಗ ನಿಲ್ಲುವುದಿಲ್ಲ. ಡಾಕ್ಟರು ‘ಹೋರಾಟ’ ಎಂದದ್ದು ಇದನ್ನು.

ನೀವು ಬೇಸಾಯಗಾರರು, ತೂಬಿನ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಗದ್ದೆಗೆ ನೀರು ಬೇಕೆಂದು ಒಂದು ತೂಬು ಎತ್ತಿದರೆ ಅದು ಬೇಸಾಯ. ಹಿಮ್ಮಡಿಯಲ್ಲಿ ಸೋಂಕಾದಾಗ ಆ ಜಾಗದ ನಾಳ ಸೋರಬೇಕು. ಪ್ರತಿಕಾಯಗಳು, ಹೆಪ್ಪುಗಟ್ಟಿಸಿ ಬೇಲಿ ಹಾಕುವ ಪ್ರೋಟೀನುಗಳು ಆ ನೀರಿನಲ್ಲೇ ಬರುವುದು. ಆದರೆ ಸೋಂಕಿನ ಸುದ್ದಿ ರಕ್ತದಲ್ಲೇ ಹರಡಿ ಕೆರೆಯ ಎಲ್ಲ ತೂಬುಗಳನ್ನೂ ಒಂದೇ ರಾತ್ರಿ ಎತ್ತಿಬಿಟ್ಟರೆ? ಕೆರೆ ಬರಿದಾಗುತ್ತದೆ, ಗದ್ದೆಗಳೆಲ್ಲ ಮುಳುಗುತ್ತವೆ. ಅಮ್ಮನ ಬಿಪಿ ಬಿದ್ದದ್ದಕ್ಕೆ ಈ ಬರಿದಾದ ಕೆರೆ ಒಂದು ಕಾರಣ, ನಾಳಗಳು ಹಿಗ್ಗಿಹೋದದ್ದು ಇನ್ನೊಂದು. ಕೈ ಮುಖ ಊದಿದ್ದು ಮುಳುಗಿದ ಗದ್ದೆ. ಸೆಪ್ಸಿಸ್ ಎನ್ನುವುದು ಇದನ್ನೇ.

ಇನ್ನು 23,400ರ ಮಾತು. ಮಾಮೂಲಿ ಮಟ್ಟ 4,000ದಿಂದ 11,000. ಅಮ್ಮನದು ಜಾಸ್ತಿಯೇ, ಸೋಂಕು ಜೋರಾಗಿದೆ ಎಂದು ಹೇಳುವ ಅಂಕಿ. ಆದರೆ ಎಷ್ಟು ಸೋರುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ. ನಮ್ಮಲ್ಲಿ ಪ್ರತಿ ಮಳೆಗಾಲ ಬರುವ ಡೆಂಗಿಯನ್ನೇ ನೋಡಿ. ಬಿಳಿ ಕಣ 2,000ಕ್ಕೆ ಇಳಿದಿರುತ್ತದೆ, ಜ್ವರ ಬಿಟ್ಟ ಹೊತ್ತಿಗೆ ಹೊಟ್ಟೆಯಲ್ಲಿ, ಎದೆಗೂಡಿನಲ್ಲಿ ನೀರು ತುಂಬುವಷ್ಟು ನಾಳ ಸೋರುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಹುಟ್ಟಿನಿಂದಲೇ ಬರುವ ಅಪರೂಪದ ಕಾಯಿಲೆಯೊಂದಿದೆ. ಅದರಲ್ಲಿ ಬಿಳಿ ಕಣಕ್ಕೆ ಗೋಡೆಗೆ ಅಂಟುವ ಕೊಕ್ಕೆಯೇ ಇರುವುದಿಲ್ಲ. ಆ ಮಕ್ಕಳ ರಕ್ತದಲ್ಲಿ ಬಿಳಿ ಕಣ ಸದಾ ವಿಪರೀತ ಹೆಚ್ಚು, ಆದರೆ ಗಾಯದಲ್ಲಿ ಕೀವಾಗುವುದಿಲ್ಲ, ಹೊಕ್ಕುಳಬಳ್ಳಿ ಮೂರು ವಾರ ಕಳೆದರೂ ಬೀಳುವುದಿಲ್ಲ, ಸೋಂಕಿನ ಮೇಲೆ ಸೋಂಕು. ಎಣಿಕೆ ರಕ್ತದಲ್ಲಿ ಎಷ್ಟಿದೆ ಎಂಬುದನ್ನು ಹೇಳುತ್ತದೆ. ಗೋಡೆಗೆ ಎಷ್ಟು ಅಂಟಿದೆ, ಅಲ್ಲಿ ಏನು ಚೆಲ್ಲುತ್ತಿದೆ ಎಂಬುದು ಲ್ಯಾಬ್ ರಿಪೋರ್ಟಿನಲ್ಲಿ ಬರುವುದಿಲ್ಲ.

ಈ ಕೊಕ್ಕೆಯನ್ನೇ ಔಷಧಿಯಿಂದ ಮುಚ್ಚಿದರೆ ಹೇಗೆ ಎಂದು ಔಷಧ ಲೋಕವೂ ಯೋಚಿಸಿತ್ತು. ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ಹಾಗೆ ಮಾಡಿ ನೋಡಿದಾಗ ಪ್ರಯೋಜನ ಕಾಣಲಿಲ್ಲ. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆಂದು ಬಂದ ಎಫಾಲಿಜುಮ್ಯಾಬ್ ಎಂಬ ಇಂಜೆಕ್ಷನ್ ಬಿಳಿ ಕಣದ ಒಂದು ಕೊಕ್ಕೆಯನ್ನು ಕಟ್ಟಿಹಾಕುತ್ತಿತ್ತು. ತೆಗೆದುಕೊಂಡ ಕೆಲವರಿಗೆ ಮೆದುಳಿನ ಮಾರಕ ವೈರಸ್ ಸೋಂಕು ಬಂದು 2009ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದರು. ಕಾವಲಿನವರನ್ನು ಬಾಗಿಲಲ್ಲೇ ತಡೆದರೆ ಯಾರು ಒಳಗೆ ನುಗ್ಗುತ್ತಾರೆ ಎಂದು ಮೊದಲೇ ಹೇಳಲಾಗದು.

ಮೆಡಿಕಲ್ ಶಾಪಿನವರ ಸ್ಟೀರಾಯ್ಡ್ ಸಲಹೆಗೆ ಬರುತ್ತೇನೆ. ಅವರಿಗೆ ಬಹುಶಃ ಗೊತ್ತಿಲ್ಲದ ತಮಾಷೆ ಒಂದಿದೆ: ಸ್ಟೀರಾಯ್ಡ್ ಕೊಟ್ಟರೆ ರಿಪೋರ್ಟಿನಲ್ಲಿ ಬಿಳಿ ಕಣ ಇಳಿಯುವುದಿಲ್ಲ, ಏರುತ್ತದೆ. ಗೋಡೆಗೆ ಒರಗಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಕೈಬಿಟ್ಟು ನಡುಪ್ರವಾಹಕ್ಕೆ ಬರುತ್ತವೆ, ಎಣಿಕೆಗೆ ಸಿಗುತ್ತವೆ. ಸೋರುವಿಕೆ ಸ್ವಲ್ಪ ತಗ್ಗಬಹುದು, ನಿಜ. ಸೆಪ್ಸಿಸ್‌ನಲ್ಲಿ ಬಿಪಿ ಏರಿಸುವ ಔಷಧಿ ಹರಿಸಿದರೂ ಬಿಪಿ ನಿಲ್ಲದಾಗ ನಾವು ದಿನಕ್ಕೆ 200 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಕೊಡುತ್ತೇವೆ. ಅದು ಬಿಪಿಗಾಗಿ, ಎಣಿಕೆ ಇಳಿಸುವುದಕ್ಕಲ್ಲ. ಸಕ್ಕರೆ ಕಾಯಿಲೆಯವರ ಕೊಳೆತ ಗಾಯಕ್ಕೆ ಊತ ಇಳಿಯಲಿ ಎಂದು ಹಳ್ಳಿಯಲ್ಲಿ ಸ್ಟೀರಾಯ್ಡ್ ಸೂಜಿ ಹಾಕಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಎರಡು ದಿನ ಕಾಲು ಸಣ್ಣಗಾಗಿ ಹಾಯೆನಿಸುತ್ತದೆ. ಅಷ್ಟರಲ್ಲಿ ಸಕ್ಕರೆ 400 ದಾಟಿ, ಒಳಗೊಳಗೇ ಸೋಂಕು ಮೂಳೆ ಮುಟ್ಟಿರುತ್ತದೆ.

ಸಲೈನಿನ ವಿಷಯದಲ್ಲಿ ನಿಮ್ಮ ಭಾವನ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಊತಕ್ಕೆ ಬೇಕಾದ ನೀರು ಬಂದದ್ದು ಬಾಟಲಿಯಿಂದಲೇ. ಆರೋಗ್ಯವಂತರಿಗೆ ಸಲೈನ್ ಹಾಕಿದರೂ ಒಂದು ಗಂಟೆಯ ನಂತರ ನಾಳದೊಳಗೆ ಉಳಿಯುವುದು ಸುಮಾರು ಕಾಲು ಭಾಗ. ಸೋರುವ ನಾಳದಲ್ಲಿ ಇನ್ನೂ ಕಡಿಮೆ. ಆದರೆ ಆ ಹೊತ್ತಿನಲ್ಲಿ ಬಿಪಿ ಬಿದ್ದ ರೋಗಿಯ ಮೂತ್ರಪಿಂಡಕ್ಕೆ, ಮೆದುಳಿಗೆ ರಕ್ತ ತಲುಪಿಸಲು ಮೊದಲು ಹಿಡಿಯುವ ದಾರಿ ಅದೇ. ಕಿಲೋಗೆ 30 ಮಿಲಿಯಂತೆ ಮೊದಲ ಮೂರು ಗಂಟೆಯಲ್ಲಿ ಕೊಡಬೇಕೆಂಬುದು ಸಾಮಾನ್ಯ ಪದ್ಧತಿ. 58 ಕಿಲೋ ತೂಗುವವರಿಗೆ ಅದೇ 1,700 ಮಿಲಿ ದಾಟುತ್ತದೆ. ಊದಿದ ಕೈ ನೋಡಲು ಭಯ, ಆದರೆ ಇಳಿಯುತ್ತದೆ. ನೀರಿಲ್ಲದೆ ಸೊರಗಿದ ಮೂತ್ರಪಿಂಡ ಯಾವಾಗಲೂ ಮರಳಿ ಬರುವುದಿಲ್ಲ. ಆ ಮೊದಲ ದಿನದ ನಂತರವೂ ಯೋಚಿಸದೆ ಬಾಟಲಿ ಮೇಲೆ ಬಾಟಲಿ ಏರಿಸುತ್ತ ಹೋದರೆ ಅದು ತಪ್ಪು. ಸೋರಿದ ನೀರು ಶ್ವಾಸಕೋಶದಲ್ಲಿ ನಿಂತರೆ ಉಸಿರೇ ಸಾಲುವುದಿಲ್ಲ. ಆಫ್ರಿಕಾದ ಮೂರು ದೇಶಗಳಲ್ಲಿ, ತೀವ್ರ ಸೋಂಕಿನಿಂದ ಬಳಲುತ್ತಿದ್ದ 3,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದ್ರವವನ್ನು ರಭಸದಿಂದ ಪಡೆದ ಮಕ್ಕಳೇ ಹೆಚ್ಚು ಸತ್ತರು. ನಮ್ಮ ವೃತ್ತಿಗೆ ಅದು ಕಪಾಳಕ್ಕೆ ಹೊಡೆದಂತಿತ್ತು. ನಿಮ್ಮ ಅಮ್ಮನಿಗೆ ಕೊಟ್ಟದ್ದು ಹೆಚ್ಚಾಯಿತೇ ಎಂದು ಡಿಸ್ಚಾರ್ಜ್ ಚೀಟಿ ನೋಡದೆ ನಾನು ಹೇಳಲಾರೆ. ವೆಂಟಿಲೇಟರ್, ಡಯಾಲಿಸಿಸ್ ಎರಡೂ ಇಲ್ಲದೆ ಆರನೇ ದಿನ ಐಸಿಯು ಬಿಟ್ಟಿದ್ದರೆ ಅಂದಾಜು ಹದವಾಗಿಯೇ ಇತ್ತು.

ಅಲ್ಬುಮಿನ್ 2.1 ಎಂದು ಬರೆದಿದ್ದೀರಿ. ಅದನ್ನೇ ಬಾಟಲಿಯಲ್ಲಿ ಹಾಕಿಸಬಹುದಿತ್ತೇ ಎಂದು ನೀವು ಕೇಳಿಲ್ಲ, ಯಾರಾದರೂ ಕೇಳಿಯೇ ಕೇಳುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಸುಮಾರು 7,000 ಐಸಿಯು ರೋಗಿಗಳಲ್ಲಿ ಸಲೈನಿಗೂ ಅಲ್ಬುಮಿನ್‌ಗೂ ಬದುಕುಳಿಯುವ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2004ರಲ್ಲೇ ಗೊತ್ತಾಗಿದೆ. ಸಲೈನ್ ತುಂಬ ಬೇಕಾಗಿಬಂದವರಿಗೆ ಕೆಲವೊಮ್ಮೆ ಕೊಡುತ್ತೇವೆ. ಸೋರುವ ನಾಳದಲ್ಲಿ ಅದೂ ಸೋರುತ್ತದೆ, ಬೆಲೆ ಮಾತ್ರ ಸಾವಿರಗಳಲ್ಲಿ. ಮೂತ್ರ ಹೆಚ್ಚಿಸಿ ಊತ ಇಳಿಸುವ ನೀರುಮಾತ್ರೆಯೂ ಹಾಗೆ, ಬಿಪಿ ನಿಂತು, ಮೂತ್ರ ಸರಾಗವಾದ ಮೇಲೆ ಕೊಟ್ಟರೆ ಒಳ್ಳೆಯದು. ಎಲ್ಲ ತೂಬೂ ತೆರೆದಿರುವಾಗ ಕೊಟ್ಟರೆ ಕೆರೆಯಲ್ಲಿ ಉಳಿದದ್ದನ್ನೂ ಬಸಿದಂತೆ.

ಅಜ್ಜಿಯ ನಂಜಿನ ಮಾತನ್ನು ನಾನು ನಗೆಯಾಡುವುದಿಲ್ಲ. ಗಾಯ ಕೆಂಪಾಗಿ, ಬಿಸಿಯಾಗಿ, ಊದಿ, ನೋಯುವುದನ್ನು ಒಂದೇ ಪದದಲ್ಲಿ ಹಿಡಿದಿರುವ ಮಾತು ಅದು. ಅದು ಹತ್ತುವುದು ಬದನೆಕಾಯಿಯಿಂದ ಎಂಬ ಭಾಗ ಮಾತ್ರ ಸರಿಯಿಲ್ಲ. ಬದನೆಕಾಯಿ ಬಿಟ್ಟರೆ ಏನೂ ನಷ್ಟವಿಲ್ಲ, ಬಿಡಲಿ. ಬೇಳೆ, ಮೊಟ್ಟೆ ನಿಲ್ಲಿಸಿದ್ದು ನಷ್ಟ. ಉರಿಯೂತದ ದಿನಗಳಲ್ಲಿ ಲಿವರ್ ಅಲ್ಬುಮಿನ್ ತಯಾರಿಸುವುದನ್ನು ಕಡಿಮೆ ಮಾಡಿ ಬೇರೆ ಪ್ರೋಟೀನುಗಳತ್ತ ತಿರುಗಿರುತ್ತದೆ. ಈಗ ಅದು ತನ್ನ ಕೆಲಸಕ್ಕೆ ಮರಳಿದೆ, ಸಾಮಾನು ಬೇಕು. ಮೂತ್ರಪಿಂಡದ ರಿಪೋರ್ಟ್ ಸರಿಯಿದ್ದರೆ ದಿನಾ ಒಂದು ಮೊಟ್ಟೆ, ಎರಡು ಹೊತ್ತು ಗಟ್ಟಿ ಬೇಳೆ, ಒಂದು ಲೋಟ ಮಜ್ಜಿಗೆ ಕೊಡಿ.

ಇನ್ನು ಎಡಗಾಲು. ಹೆಬ್ಬೆರಳಿನಿಂದ ಕಣಕಾಲಿನ ಮೇಲೆ ಹತ್ತು ಎಣಿಸುವ ತನಕ ಒತ್ತಿ ಬಿಡಿ. ಕುಳಿ ಬಿದ್ದು ನಿಧಾನ ತುಂಬಿಕೊಂಡರೆ ನೀರು ಇನ್ನೂ ಇದೆ. ಹಾಗೆಂದು ನಾಳ ಈಗಲೂ ಸೋರುತ್ತಿದೆ ಎಂದು ತಿಳಿಯಬೇಡಿ. ಹೊಲಿಗೆ ಬಹುಶಃ ಎಂದೋ ಬಿಗಿಯಾಗಿದೆ. ಸೋರಿದ ನೀರು ಮತ್ತು ಪ್ರೋಟೀನನ್ನು ವಾಪಸು ಒಯ್ಯಬೇಕಾದ ದುಗ್ಧನಾಳಗಳಿಗೆ ಸೋಂಕಿನಲ್ಲಿ ಪೆಟ್ಟಾಗಿರುತ್ತದೆ, ಅವು ಚೇತರಿಸಿಕೊಳ್ಳಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಪ್ರತಿ ಸಲ ಸೋಂಕು ಮರುಕಳಿಸಿದಾಗಲೂ ಪೆಟ್ಟು ಹೆಚ್ಚುತ್ತದೆ, ಊದಿದ ಕಾಲಿಗೆ ಸೋಂಕು ಬೇಗ ಹತ್ತುತ್ತದೆ. ಈ ಸುತ್ತನ್ನು ಕಡಿಯುವುದೇ ಈಗಿನ ಕೆಲಸ. ಕೂತಾಗ ಕಾಲನ್ನು ದಿಂಬಿನ ಮೇಲೆ ಇಡಲಿ. ದಿನಾ ಸ್ವಲ್ಪ ಓಡಾಡಲಿ, ಮೀನಖಂಡ ಹಿಂಡಿದಂತೆಲ್ಲ ನೀರು ಮೇಲೇರುತ್ತದೆ. ಬಿಗಿ ಕಾಲುಚೀಲ ಒಳ್ಳೆಯದೇ, ಆದರೆ ಸಕ್ಕರೆ ಕಾಯಿಲೆಯವರಿಗೆ ಕಾಲಿನ ಅಪಧಮನಿಯ ಹರಿವು ಪರೀಕ್ಷಿಸದೆ ಹಾಕಿದರೆ ಬೆರಳು ಕಪ್ಪಾಗಬಹುದು. ಅಂಗಡಿಯಿಂದ ನೀವೇ ತರಬೇಡಿ. ನೀರುಮಾತ್ರೆಯಿಂದ ಈ ಊತಕ್ಕೆ ಹೆಚ್ಚು ಉಪಯೋಗವಿಲ್ಲ.

ಹಿಮ್ಮಡಿಯ ಒಡಕಿಗೆ ರಾತ್ರಿ ವ್ಯಾಸಲೀನ್ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಸಿ. ಬೆರಳ ಸಂದಿಯಲ್ಲಿ ಬಿಳಿಚಿದ ಕೆಸರುಹುಣ್ಣಿದ್ದರೆ ಶಿಲೀಂಧ್ರದ ಮುಲಾಮು ಬೇಕು, ಬ್ಯಾಕ್ಟೀರಿಯಾ ಅಲ್ಲಿಂದಲೂ ನುಸುಳುತ್ತದೆ. ಶುಂಠಿ ಹೊಲಕ್ಕೆ ಬರಿಗಾಲಲ್ಲಿ ಇಳಿಯುವುದು ಇನ್ನು ಬೇಡ. ಕೆಂಪು ಮತ್ತೆ ಹರಡಿದರೆ, ಚಳಿ ನಡುಕ ಬಂದರೆ, ಮಾತು ಮಂಕಾದರೆ, ಮೂತ್ರ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ. ಹೋದ ಸಲ ತಡಮಾಡಿದ ಆ ಮೂರು ದಿನಗಳಲ್ಲೇ ತೂಬುಗಳೆಲ್ಲ ಎದ್ದದ್ದು.

ಬಳೆ ತೊಡಿಸಿ, ಇವತ್ತೇ ತೊಡಿಸಬಹುದು. ಕೈಯ ನೀರು ಕಾಲಿಗಿಂತ ಎಷ್ಟೋ ಮೊದಲು ಇಳಿಯುತ್ತದೆ, ಹಳೆಯ ಅಳತೆಯೇ ಸರಿಹೋಗಬೇಕು. ಎಡಗಾಲಿನ ಕಾಲುಂಗುರ ಮಾತ್ರ ಇನ್ನೂ ಬೇಡ. ಸಕ್ಕರೆ ಕಾಯಿಲೆಯ ಪಾದಕ್ಕೆ ಉಂಗುರ ಬಿಗಿದು ಚರ್ಮ ಸೀಳಿದರೂ ನೋವು ತಿಳಿಯದೇ ಹೋಗಬಹುದು. ಬಲಗಾಲಿಗೆ ಹಾಕಿಕೊಳ್ಳಲಿ, ರಾತ್ರಿ ಮಲಗುವ ಮುಂಚೆ ಒಮ್ಮೆ ಸರಿಸಿ ಅಡಿಯ ಚರ್ಮ ನೋಡಿ.